ಅಂಗೈ ಕಚ್ಚಿದ ನಳ

ರಾಣೆಬೆನ್ನೂರಿನ ರೈಲ್ವೆ ಸ್ಟೇಷನ್ನಿನ ಹಿಂದಿರುವ ಇಳಿಜಾರು ಓಣಿಯಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ, ಒಂದು ತಾಸಿನ ನೀರು ಕಳುವಾಯಿತು.

ಬಂಗಾರ ಕಳುವಾದರೆ ಪೆಟ್ಟಿಗೆ ಬಾಯಿ ತೆರೆದಿರುತ್ತದೆ. ದನ ಕಳುವಾದರೆ ಗೂಟದಲ್ಲಿ ಹಗ್ಗ ಉಳಿದಿರುತ್ತದೆ. ನೀರಿನ ಕಳ್ಳ ಏನನ್ನೂ ಉಳಿಸಿ ಹೋಗುವುದಿಲ್ಲ. ಸೋಮವ್ವನ ಮುಂದೆ ಉಳಿದಿದ್ದವು ತೊಳೆದಿಟ್ಟ ಮೂರು ಬ್ಯಾರಲ್ಲು, ಹನ್ನೊಂದು ಕೊಡ ಮತ್ತು ಹುಸ್ಸೆನ್ನುವ ಒಂದು ನಳ.

ಓಣಿಯ ತಗ್ಗಿನ ತುದಿಯಲ್ಲಿ ಸೋಮವ್ವನ ಖಾನಾವಳಿ. ಹದಿನೆಂಟು ವರ್ಷದಿಂದ ನಡೆದಿದೆ. ಐರಣಿಯಿಂದ, ದೇವರಗುಡ್ಡದಿಂದ ಪೇಟೆಗೆ ಬಂದವರು, ಬೀಜದ ಕಂಪನಿಗಳ ಹಮಾಲರು, ರೈಲು ತಪ್ಪಿಸಿಕೊಂಡವರು, ಎಲ್ಲರೂ ಅಲ್ಲಿ ಬಿಸಿ ರೊಟ್ಟಿ ಉಂಡು ಹೋಗುವವರೇ. ಓಣಿಗೆ ಐದು ದಿನಕ್ಕೊಮ್ಮೆ ನೀರು. ಬೆಳಿಗ್ಗೆ ಆರಕ್ಕೆ ನೀರು ಬಿಡುವ ಲಕ್ಕಪ್ಪ ಬಂದು ವಾಲ್ವ್ ತಿರುಗಿಸುತ್ತಾನೆ, ಏಳಕ್ಕೆ ಬಂದ್ ಮಾಡುತ್ತಾನೆ. ಆ ಒಂದು ತಾಸಿನ ನೀರಿನಲ್ಲಿ ಸೋಮವ್ವ ಐದು ದಿನದ ಅಡುಗೆ, ಮುಸುರೆ ಎಲ್ಲ ಮುಗಿಸಬೇಕು. ಓಣಿ ಕಿರಿದು, ಟ್ಯಾಂಕರ್ ಒಳಗೆ ಬರುವುದಿಲ್ಲ.

ಅವತ್ತೂ ಲಕ್ಕಪ್ಪ ಬಂದಿದ್ದ. ವಾಲ್ವ್ ಪೂರ್ತಿ ತಿರುಗಿಸಿದ್ದ. ಬೇಕಾದರೆ ಮೈಲಾರಲಿಂಗನ ಆಣೆ ಮಾಡುತ್ತೇನೆಂದ. ಆದರೂ ಸೋಮವ್ವನ ನಳದಿಂದ ಬೊಗಸೆ ನೀರು ಬಂದು ನಿಂತುಬಿಟ್ಟಿತು. ಹೀಗಾಗಿದ್ದು ಇದು ಸತತ ಮೂರನೆಯ ಸಲ.

ದಾದಾಪೀರನನ್ನು ಕರೆದರು. ನಳ, ಕರೆಂಟು, ಗೀಜರು, ಈ ಮೂರರಲ್ಲೂ ಅವನು ಮಿಸ್ತ್ರಿ. ಓಣಿಯ ಹೊಸ ಪೈಪು ಹಾಕಿದವನೂ ಅವನೇ. ವಯಸ್ಸು ಐವತ್ತೆರಡು, ಮಾತು ಕಡಿಮೆ. ಯಾವ ಕೆಲಸವಾದರೂ ಬಿಸ್ಮಿಲ್ಲಾ ಎಂದು ಮೊದಲು ಪೈಪಿನ ಮೇಲೆ ಅಂಗೈ ಇಟ್ಟು, ಅದು ಏನು ಹೇಳುತ್ತದೆಂದು ಕೇಳುತ್ತಿದ್ದ. ಚೀಲದಿಂದ ಪಾನಾ ಹೊರಗೆ ಬರುವುದು ಆಮೇಲೆ.

ಸೋಮವ್ವನ ದುಃಖ ಬೇರೆಯೇ ಇತ್ತು. ಮೊದಲು ಬರುವ ನೀರು ಕೆಂಪಗಿರುತ್ತದೆಂದು ಅವಳು ನಳದ ರಬ್ಬರ್ ಪೈಪಿನ ಬಾಯನ್ನು ಪಾತ್ರೆ ತಿಕ್ಕುವ ಕಲ್ಲಿನ ಪಕ್ಕದ ತೊಟ್ಟಿಯಲ್ಲಿ ಬಿಟ್ಟಿರುತ್ತಿದ್ದಳು. ತೊಟ್ಟಿಯಲ್ಲಿ ರಂಜಕದ ಚಟ್ನಿಗೆಂದು ಬೆಳ್ಳುಳ್ಳಿ ನೆನೆಹಾಕಿದ್ದಳು. ಸಿಪ್ಪೆ ತೇಲುತ್ತಿತ್ತು.

“ಹೊಸಾ ನೀರು ಬರಲಿಲ್ಲಂದ್ರ ನನ್ನ ಹಣೇಬಾರ ಅಂತಿದ್ದೆ, ತಮ್ಮಾ,” ಅಂದಳು. “ತೊಟ್ಟ್ಯಾಗಿನ ಹಳೇ ನೀರೂ ಅರ್ಧಕ್ಕ ಇಳದೈತಿ. ಇದ್ಯಾವ ನ್ಯಾಯ?”

ದಾದಾಪೀರ ತೊಟ್ಟಿ ನೋಡಿದ. ರಬ್ಬರ್ ಪೈಪು ಕಿತ್ತು, ಬಿಸ್ಮಿಲ್ಲಾ ಎಂದು ನಳದ ಬಾಯಿಗೆ ಅಂಗೈ ಮುಚ್ಚಿದ. ನಳ ಅವನ ಅಂಗೈಯನ್ನು ಗಪ್ಪನೆ ಒಳಗೆಳೆದುಕೊಂಡಿತು. ಕರು ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ. ಕೈ ಬಿಡಿಸಿಕೊಂಡಾಗ ನಡುವೆ ದುಂಡಗೆ ಕೆಂಪು ಗುರುತು ಮೂಡಿತ್ತು.

“ಅಕ್ಕಾ, ಇದು ಸೋರಿ ಹೋದ ನೀರಲ್ಲ,” ಅಂದ. “ಯಾರೋ ಎಳಕೊಂಡ ನೀರು.”

ಪೈಪು ಎಲ್ಲಾದರೂ ಒಡೆದಿದ್ದರೆ ನೀರು ಸಣ್ಣಗಾದರೂ ಬರಬೇಕಿತ್ತು, ಇಲ್ಲವೇ ನೆಲ ಒದ್ದೆಯಾಗಬೇಕಿತ್ತು. ನಳ ಉಸಿರನ್ನು ಒಳಗೆಳೆಯುತ್ತಿದೆ ಎಂದರೆ ಒಂದೇ ಅರ್ಥ. ಮೇಲಿನ ಯಾರೋ ನಗರಸಭೆಯ ಪೈಪಿಗೇ ನೇರವಾಗಿ ಮೋಟರ್ ಹಚ್ಚಿದ್ದಾರೆ. ಅದು ಕಾಯ್ದೆಗೆ ವಿರುದ್ಧ. ಸಿಕ್ಕರೆ ಆ ಮನೆಯ ನಳವನ್ನೇ ಕತ್ತರಿಸುತ್ತಾರೆ.

ಅಷ್ಟರಲ್ಲಿ ಪಕ್ಕದ ಮನೆಯ ಪ್ರಭಾಕರ ಮಾಸ್ತರರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಓಣಿಗೆ ಹಿರಿಯರು. ಮೋಟರಿನ ಮಾತನ್ನು ಅವರು ಒಪ್ಪಲಿಲ್ಲ. ತಮಗೂ ನೀರು ಸಾಲುತ್ತಿಲ್ಲ, ತಮ್ಮ ಸಂಪು ತುಂಬಿದ ಎರಡೇ ದಿನಕ್ಕೆ ಬತ್ತುತ್ತದೆ, ತಪ್ಪು ಪೈಪಿನದೇ ಎಂದರು. ತಾವು ಕಾಯ್ದೆಯಂತೆ ನಡೆಯುವವರು, ಏಳಕ್ಕೆ ನೀರು ನಿಂತ ಮೇಲೆಯೇ ಸಂಪಿನ ಮೋಟರ್ ಚಾಲೂ ಮಾಡುವುದು ಎಂದೂ ಸೇರಿಸಿದರು.

“ನಿನ್ನ ಜೋಡಣಿ ಕೆಟ್ಟದ, ದಾದಾಪೀರ,” ಅಂದರು. “ಬುಧವಾರ ನೀರು ಸರಿ ಬರಲಿಲ್ಲಂದ್ರ ಓಣಿ ಅಗಸೋದ.”

ದಾದಾಪೀರ ರಬ್ಬರ್ ಪೈಪನ್ನು ಮತ್ತೆ ನಳಕ್ಕೆ ಸಿಕ್ಕಿಸಿದ. ಸೋಮವ್ವ ಬ್ಯಾರಲ್ಲಿನ ಅಂಚು ಒರೆಸುತ್ತ ಮೆಲ್ಲಗೆ ಒಂದು ಮಾತು ಹೇಳಿದಳು. ಎರಡು ಸಲ ಊರ ತುಂಬ ಕೊಡ ಹೊತ್ತು ತಂದಾಯಿತು, ಇದು ಮೂರನೆಯದು, ಇನ್ನು ಸೊಂಟ ಕೇಳುವುದಿಲ್ಲ. ಬುಧವಾರ ನಳ ಬಾರದಿದ್ದರೆ ಖಾನಾವಳಿಗೆ ಕೀಲಿ ಹಾಕಿ ಬ್ಯಾಡಗಿಯ ತಂಗಿಯ ಮನೆಗೆ ಹೋಗಿಬಿಡುತ್ತಾಳಂತೆ. ರೊಟ್ಟಿಯ ಹಂಚನ್ನು ಆಗಲೇ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದಳು.

ದಾದಾಪೀರನಿಗೆ ಉಳಿದದ್ದು ಐದು ದಿನ.

* * *

ಪೊಲೀಸರು ಬಾಗಿಲು ತಟ್ಟಿದರೆ ಮನೆ ಬಾಯಿ ಮುಚ್ಚಿಕೊಳ್ಳುತ್ತದೆ. ನಳದ ಮಿಸ್ತ್ರಿ ತಟ್ಟಿದರೆ ಬಚ್ಚಲ ತನಕ ತೆರೆದುಕೊಳ್ಳುತ್ತದೆ. ಏನಾದರೂ ಕೆಟ್ಟಿರದ ಮನೆ ಭೂಮಿಯ ಮೇಲೆ ಎಲ್ಲಿದೆ?

ಓಣಿಯ ಪೈಪಿಗೆ ನಾಲ್ಕೇ ಮನೆ. ಏರಿನ ಬಾಯಲ್ಲಿ ಮುಸ್ತಾಕ್. ಅವನ ಕೆಳಗೆ ಬೀಜದ ವ್ಯಾಪಾರದ ಹೇಮಂತ. ಆಮೇಲೆ ಪ್ರಭಾಕರ ಮಾಸ್ತರರು. ಕೊನೆಗೆ ಸೋಮವ್ವ.

ಓಣಿಯ ಬೆರಳೆಲ್ಲ ಮುಸ್ತಾಕನ ಕಡೆಗೇ. ಅವನು ಮನೆಯ ಮುಂದೆಯೇ ಮೋಟರ್‌ಸೈಕಲ್ ತೊಳೆಯುವವನು. ಬೆಳಗಿನಿಂದ ಸಂಜೆಯವರೆಗೆ ಪಿಚಕಾರಿ ಹೊಡೆಯುತ್ತಾನೆ. ಇಷ್ಟು ನೀರು ಎಲ್ಲಿಂದ ಬರುತ್ತದೆ?

ದಾದಾಪೀರ ಜುಮ್ಮಾ ನಮಾಜು ಮುಗಿಸಿ ಅಲ್ಲಿಗೆ ಹೋದ. ಆಗಷ್ಟೇ ತೊಳೆದ ಕರಿ ಗಾಡಿಯೊಂದು ಬಿಸಿಲಿಗೆ ನಿಂತಿತ್ತು. ಅದರ ಟ್ಯಾಂಕಿನ ಮೇಲೆ ಬೆರಳೆಳೆದು ನೋಡಿದ.

“ಏನ್ ಚಾಚಾ, ಹೆಣ್ಣು ನೋಡಾಕ ಬಂದವರಂಗ ನೋಡಾಕತ್ತೀರಿ,” ಅಂದ ಮುಸ್ತಾಕ್.

ಟ್ಯಾಂಕಿನ ಮೇಲೆ ಹನಿ ಒಣಗಿದಲ್ಲೆಲ್ಲ ಸುಣ್ಣದ ಚುಕ್ಕೆ. ನಳಕ್ಕೆ ಬರುವ ಹೊಳೆಯ ನೀರು ಒಣಗಿದರೆ ಗುರುತು ಉಳಿಯುವುದಿಲ್ಲ. ಇದು ಬೋರಿನ ಸವಳು ನೀರು. ನಳದ ನೀರು ಕದಿಯುವವನಾಗಿದ್ದರೆ ಒಂದೊಂದು ಗಾಡಿಯನ್ನು ಮೂರು ಮೂರು ಸಲ ಒರೆಸುವ ಕರ್ಮ ಅವನಿಗೇಕೆ? ಮನೆಯ ಹಿಂದಿನ ಬೋರಿನಿಂದ ಪಿಚಕಾರಿಗೆ ಬಂದ ಪೈಪನ್ನೂ ಮುಸ್ತಾಕ್ ತಾನಾಗಿ ತೋರಿಸಿದ. ದಾದಾಪೀರ ಅವನ ಪಿಚಕಾರಿಯ ಸೋರುವ ವಾಷರ್ ಬದಲಿಸಿ ಹೊರಟ.

* * *

ಶನಿವಾರ ಹೇಮಂತನ ಮನೆ. ಎರಡಂತಸ್ತು, ಎರಡು ಮೋಟರ್. ಎರಡು ಮೋಟರ್ ಇಟ್ಟವನ ಮೇಲೆ ಸಂಶಯ ಬಂದರೆ ಸಂಶಯದ ತಪ್ಪಲ್ಲ.

ಹೇಮಂತನಿಗೆ ಎರಡು ದೂರು. ಗೀಜರಿನಲ್ಲಿ ನೀರು ಉಗುರು ಬೆಚ್ಚಗೆ ಮಾತ್ರ ಬರುತ್ತದೆ. ಇನ್ನೊಂದು, ನೀರು ಬಿಡುವ ದಿನ ಸರಿಯಾಗಿ ಆರಕ್ಕೆ ಮನೆಯ ದೀಪಗಳು ಒಮ್ಮೆ ಕಣ್ಣು ಮಿಟುಕಿಸಿ ಮಂಕಾಗುತ್ತವೆ, ಫ್ಯಾನು ಮೆಲ್ಲಗಾಗುತ್ತದೆ. ಉಳಿದ ದಿನ ಏನೂ ಇಲ್ಲ. ವೈರಿಂಗ್ ಸುಟ್ಟಿದೆಯೋ ಏನೋ ಎಂದು ಅವನ ಹೆದರಿಕೆ.

ದಾದಾಪೀರ ಮೇನ್ ಸ್ವಿಚ್ ತೆಗೆದು, ಟೆಸ್ಟರ್ ಹಚ್ಚಿ ಖಾತ್ರಿ ಮಾಡಿಕೊಂಡು ಗೀಜರ್ ಬಿಚ್ಚಿದ. ಒಳಗಿನ ಕಾಯುವ ಸುರುಳಿಯ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿತ್ತು. ಅಂಗಿಯ ಮೇಲೆ ಅಂಗಿ ತೊಟ್ಟವನಿಗೆ ಬಿಸಿಲು ತಾಗೀತೇ? ಅದನ್ನು ಕೆರೆದು ತೆಗೆದ. ಆ ಸುಣ್ಣವೇ ಎರಡನೆಯ ಮೋಟರಿನ ಕಥೆ ಹೇಳಿತು. ಅದೂ ಬೋರಿನದು. ಹೋಗಿ ನೋಡಿದರೆ ಅದರ ಕಂಡೆನ್ಸರ್ ಉಬ್ಬಿ ಹೋಗಿ ಎರಡು ತಿಂಗಳಾಗಿತ್ತು. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಜಾಲರಿಯಲ್ಲಿ ಜೇಡ ಸಂಸಾರ ಹೂಡಿತ್ತು. ಮೊದಲನೆಯ ಮೋಟರಿನ ಪೈಪು ಎಲ್ಲರಿಗೂ ಕಾಣುವ ಹಾಗೆ ಸಂಪಿನೊಳಗೆ ಇಳಿದಿತ್ತು.

ಹೇಮಂತನೂ ಅಲ್ಲ. ಆದರೆ ಆ ದೀಪಗಳು ಕಣ್ಣು ಮಿಟುಕಿಸುವುದು ಯಾರನ್ನು ನೋಡಿ?

ದಾದಾಪೀರ ಹೊರಗೆ ಬಂದು ವಿದ್ಯುತ್ ಕಂಬವನ್ನೇ ಬಹಳ ಹೊತ್ತು ನೋಡಿದ. ಯಾವ ತಂತಿ ಯಾವ ಮನೆಗೆ ಹೋಗಿದೆ ಎಂದು ಬೆರಳಲ್ಲೇ ಗೆರೆ ಎಳೆದುಕೊಂಡ. ಹೇಮಂತ ಏನಾಯಿತೆಂದು ಕೇಳಿದ. ನಿಮ್ಮ ವೈರಿಂಗ್ ಚಲೋ ಇದೆ, ನಿಶ್ಚಿಂತೆಯಿಂದ ಇರಿ ಎಂದಷ್ಟೇ ಹೇಳಿ ಸೈಕಲ್ ಹತ್ತಿದ.

* * *

ರವಿವಾರ ಮಾಸ್ತರರ ಮನೆಯಿಂದಲೇ ಕರೆ ಬಂತು. ಮಾಸ್ತರರಲ್ಲ, ಅವರ ತಾಯಿ ಭಾಗೀರಥೀಬಾಯಿ ಹೇಳಿ ಕಳಿಸಿದ್ದರು. ಮಗ, ಸೊಸೆ ಹಾವೇರಿಗೆ ಒಂದು ಮದುವೆಗೆ ಹೋಗಿದ್ದರು.

ಭಾಗೀರಥೀಬಾಯಿಗೆ ಎಂಬತ್ತೆರಡು. ಕಣ್ಣು ಚುರುಕು, ಮಾತು ಇನ್ನೂ ಚುರುಕು. ಈರುಳ್ಳಿ ಬೆಳ್ಳುಳ್ಳಿಗಳು ಆ ಮನೆಯ ಹೊಸ್ತಿಲು ದಾಟಿದವಲ್ಲ. ಮಡಿಯುಟ್ಟು ಪೂಜೆಗೆ ನೀರು ತುಂಬಿಕೊಳ್ಳುವವರೆಗೆ ಯಾರೊಂದಿಗೂ ಮಾತಿಲ್ಲ. ದಾದಾಪೀರ ಅಂಗಳದಲ್ಲೇ ಚಪ್ಪಲಿ ಬಿಟ್ಟು, ಅವರು ಹೇಳಿದ ಮೇಲೆ ಒಳಗೆ ಹೋದ.

ಗೀಜರ್ ಕೆಮ್ಮುತ್ತದಂತೆ. ಬಿಸಿನೀರಿನ ನಳ ತಿರುಗಿಸಿದರೆ ಮೊದಲು ಖೊಳ್ ಖೊಳ್ ಎಂದು ಗಾಳಿ, ಆಮೇಲೆ ನೀರು, ಮತ್ತೆ ಗಾಳಿ.

“ನನಗಿಂತ ಜೋರು ಕೆಮ್ಮತದ,” ಅಂದರು ಬಾಯಿಯವರು. “ಇದಕ್ಕೂ ಕಷಾಯ ಹಾಕಬೇಕೇನು ನೋಡು.”

ದಾದಾಪೀರ ನೀರಿನ ದಾರಿ ಹಿಂಬಾಲಿಸಬೇಕೆಂದು ಹಿತ್ತಲಿನ ಸಂಪಿನ ಕಡೆ ಹೆಜ್ಜೆ ಇಟ್ಟ. ಬಾಯಿಯವರು ಕೋಲು ಅಡ್ಡ ಹಿಡಿದರು. ಅದು ಗಂಗಮ್ಮನ ಜಾಗ. ಶುಕ್ರವಾರಕ್ಕೊಮ್ಮೆ ಸಂಪಿನ ಮುಚ್ಚಳಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಗಂಗೆಯೊಳಗೆ ಕಾಲಿಟ್ಟು ಇಳಿಯುವುದೆಂದರೇನು? ಸಂಪು ಕಟ್ಟಿಸಿದ ಒಂಬತ್ತು ವರ್ಷದಲ್ಲಿ ಒಬ್ಬರನ್ನೂ ಒಳಗಿಳಿಯಗೊಟ್ಟಿಲ್ಲ. ಮಗ ತೊಳೆಸೋಣವೆಂದು ಕೇಳಿ ಕೇಳಿ ಸುಮ್ಮನಾಗಿದ್ದಾನೆ. ಈಗೀಗ ಗಂಗಮ್ಮ ಮುನಿಸಿಕೊಂಡಿದ್ದಾಳೆ, ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ಬಾಯಿಯವರು ನಿಟ್ಟುಸಿರು ಬಿಟ್ಟರು.

ದಾದಾಪೀರ ನಿಂತಲ್ಲಿಂದಲೇ ಹಿತ್ತಲು ನೋಡಿದ. ಓಣಿಯ ಗಿಡಗಳೆಲ್ಲ ಬಿಸಿಲಿಗೆ ಬಾಡಿ ನಿಂತ ಕಾಲ. ಸಂಪಿನ ಪಕ್ಕದ ಪಾರಿಜಾತ ಮಾತ್ರ ಶ್ರಾವಣ ಬಂದಂತೆ ಹಸಿರಾಗಿ ತೂಗುತ್ತಿತ್ತು.

ತಿರುಗಿ ಬಂದು ಗೀಜರಿಗೆ ಕೈ ಹಚ್ಚಿದ. ಕರೆಂಟು ತೆಗೆದು, ಟೆಸ್ಟರ್ ಹಚ್ಚಿ ನೋಡಿ, ನೀರು ಒಳಹೋಗುವ ಬಾಯಿಯ ಸಣ್ಣ ಜಾಲರಿಯನ್ನು ಅಂಗೈ ಮೇಲೆ ಉದುರಿಸಿದ. ಚಿಟಿಕೆ ಮರಳು. ಒಂದು ನಾರು. ಮತ್ತೆ ಉಗುರಿನಗಲದ ತೆಳ್ಳನೆಯ, ಕೆಂಪು ಮಿಶ್ರಿತ ಬಿಳಿ ಸಿಪ್ಪೆ. ಮೂಗಿನ ಹತ್ತಿರ ಹಿಡಿದ. ಹಳೆಯ ಕ್ಯಾಲೆಂಡರಿನ ಚೂರಿನಲ್ಲಿ ಮಡಿಸಿ ಕಿಸೆಗೆ ಹಾಕಿಕೊಂಡ.

ಏನು ಸಿಕ್ಕಿತೆಂದು ಬಾಯಿಯವರು ಕೇಳಿದರು.

“ಕಸ ರೀ ಅವ್ವಾರ.”

ಬಾಯಿಯವರು ಹೂಂ ಎಂದರು. ಆ ಹೂಂ ಯಾಕೋ ಸ್ವಲ್ಪ ಉದ್ದವಾಗಿತ್ತು.

* * *

ಆ ಸಂಜೆ ಮಗ್ರಿಬ್ ನಮಾಜು ಮುಗಿದ ಮೇಲೂ ದಾದಾಪೀರ ಮಸೀದಿಯ ಕೈಕಾಲು ತೊಳೆಯುವ ಕಟ್ಟೆಯ ಮೇಲೆ ಕುಳಿತೇ ಇದ್ದ. ಮುಂದೆ ನಳಗಳ ಸಾಲು. ಒಂದೊಂದು ಬಾಯಿಯಿಂದಲೂ ಹನಿ ತೊಟ್ಟಿಕ್ಕುತ್ತಿತ್ತು.

ಕಳ್ಳ ಯಾರೆಂದು ತಿಳಿದಿತ್ತು. ಹೇಗೆ, ಯಾಕೆ ಎಂಬುದೂ ತಿಳಿದಿತ್ತು. ತಿಳಿದದ್ದನ್ನು ಹೇಳುವ ಬಗೆ ಮಾತ್ರ ತಿಳಿಯಲಿಲ್ಲ. ಕಿಸೆಯಲ್ಲಿದ್ದ ಸಿಪ್ಪೆಯನ್ನು ಓಣಿಯ ನಡುವೆ ತೋರಿಸಿದರೆ ಕಳ್ಳನ ಮಾನದ ಜೊತೆಗೆ ಒಂದು ಮುದುಕಿಯ ಒಂಬತ್ತು ವರ್ಷದ ಪೂಜೆಯೂ ಬೀದಿಗೆ ಬೀಳುತ್ತದೆ. ತೋರಿಸದಿದ್ದರೆ ಸೋಮವ್ವ ಬ್ಯಾಡಗಿಯ ಬಸ್ಸು ಹತ್ತುತ್ತಾಳೆ. ನೀರು ಕೊಟ್ಟವನು ಎಲ್ಲರಿಗೂ ಸೇರಿ ಕೊಟ್ಟಿದ್ದಾನೆ. ಅದನ್ನು ಹಂಚಿಕೊಳ್ಳಲು ಕಲಿಯುವಾಗ ಒಬ್ಬರ ಮನಸ್ಸಾದರೂ ಯಾಕೆ ಒಡೆಯಬೇಕು?

ರಾತ್ರಿಯ ಇಶಾ ನಮಾಜಿನ ಹೊತ್ತಿಗೆ ಒಂದು ದಾರಿ ಹೊಳೆಯಿತು. ಯಾರ ಮಡಿಯೂ ಕೆಡಬಾರದು, ನೋಡಿದ ಕೂಡಲೇ ಎಲ್ಲರಿಗೂ ಕಾಣಬೇಕು. ಅಂಥದೊಂದು ವಸ್ತು ಪ್ರತಿ ಅಡುಗೆಮನೆಯಲ್ಲೂ ಇದೆ, ಪ್ರತಿ ದೇವರಮನೆಯಲ್ಲೂ ಇದೆ.

* * *

ಬುಧವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಓಣಿಯೆಲ್ಲ ಹೊರಗಿತ್ತು. ಮಾಸ್ತರರು ಇಬ್ಬರು ಆಳುಗಳನ್ನು ಗುದ್ದಲಿ ಸಮೇತ ಕರೆಸಿದ್ದರು. ಸೋಮವ್ವ ಬ್ಯಾರಲ್ ತೊಳೆದಿಟ್ಟಿದ್ದಳು. ಹಂಚಿನ ಗೋಣಿಚೀಲ ಬಾಗಿಲ ಪಕ್ಕಕ್ಕಿತ್ತು.

ಅಗೆಯುವ ಮುನ್ನ ಅರ್ಧ ತಾಸು ಕೊಡಿ ಎಂದು ದಾದಾಪೀರ ಕೇಳಿದ. ಸೋಮವ್ವನಿಂದ ಅರ್ಧ ಕಿಲೋ ಅರಿಷಿಣ ಪುಡಿ ಇಸಿದುಕೊಂಡು ದೊಡ್ಡ ಬಕೇಟಿನ ನೀರಿಗೆ ಕಲಸಿದ. ನಳದ ರಬ್ಬರ್ ಪೈಪಿನ ಬಾಯನ್ನು ಅದರಲ್ಲಿ ಮುಳುಗಿಸಿದ. ಹೇಮಂತನನ್ನು ಅವನ ಮಾಳಿಗೆ ಹತ್ತಿಸಿ, ಸುತ್ತಲಿನ ಮಾಳಿಗೆಗಳ ಟಾಕಿಗಳ ಮೇಲೆ ಕಣ್ಣಿಡಲು ಹೇಳಿದ.

ಅರಿಷಿಣ ಯಾಕೆ, ನಳಕ್ಕೆ ಮದುವೆಯೇ ಎಂದು ಮುಸ್ತಾಕ್ ಕೇಳಿದ. ಮಾಸ್ತರರು ನಗಲಿಲ್ಲ. ಆರಾಗುತ್ತ ಬಂತೆಂದು ಅವರು ಐದು ನಿಮಿಷ ಒಳಗೆ ಹೋಗಿ ಬಂದರು.

ಆರು ಗಂಟೆ. ಲಕ್ಕಪ್ಪ ವಾಲ್ವ್ ತಿರುಗಿಸಿದ.

ಪೈಪು ಒಮ್ಮೆ ಗೊರಕೆ ಹೊಡೆಯಿತು. ಆಮೇಲೆ ಬಕೇಟಿನ ನೀರು ಇಳಿಯತೊಡಗಿತು. ಕಾಣದ ಯಾರೋ ಎಳನೀರು ಕುಡಿದಂತೆ, ಗಟ ಗಟ ಗಟ. ಓಣಿ ಉಸಿರು ಹಿಡಿದು ನೋಡಿತು. ಬಕೇಟಿನ ತಳ ಕಂಡಿತು. ದಾದಾಪೀರ ಇನ್ನೊಂದು ಬಕೇಟು ಸುರಿದ. ಅದೂ ಹೋಯಿತು.

ಗುದ್ದಲಿ ಹಿಡಿದ ಆಳು ಕೆಮ್ಮಿದ. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಮಾಳಿಗೆಯಿಂದ ಹೇಮಂತನ ದನಿ ಬಂತು. ಅದರಲ್ಲಿ ಸಂಕೋಚವೇ ಹೆಚ್ಚಾಗಿತ್ತು.

“ಸರ್, ನಿಮ್ಮ ಟಾಕ್ಯಾಗ ಹಳದಿ ನೀರು ಬೀಳಾಕತ್ತೈತ್ರಿ.”

ಎಲ್ಲರೂ ಮಾಸ್ತರರ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಒರೆಸಿದರು. ಹಳೆಯ ಪೈಪಿನ ತುಕ್ಕು ಇರಬೇಕು ಎಂದರು.

“ತುಕ್ಕಿಗೆ ಅರಿಷಿಣದ ವಾಸನಿ ಇರೂದಿಲ್ರಿ ಸರ್,” ಅಂದ ದಾದಾಪೀರ. “ಎಲ್ಲಾರೂ ಒಂದೀಟು ಸುಮ್ಮನ ನಿಂದರ್ರಿ.”

ಓಣಿ ಸುಮ್ಮನಾಯಿತು. ಮಾಸ್ತರರ ಹಿತ್ತಲ ಗೋಡೆಯ ಆಚೆ ಒಂದು ಮೋಟರ್ ತಾಳ ಹಾಕುತ್ತ ಗುನುಗುತ್ತಿತ್ತು. ಏಳಕ್ಕೆ ಚಾಲೂ ಆಗುವ ಮೋಟರ್. ಸ್ಟೇಷನ್ನಿನ ಗಡಿಯಾರ ಆರೂಕಾಲು ತೋರಿಸುತ್ತಿತ್ತು.

ಮಾಸ್ತರರು ಒಳಗೆ ಹೋದರು. ಗುನುಗು ನಿಂತಿತು. ತಲೆ ತಗ್ಗಿಸಿ ಹೊರಗೆ ಬಂದರು.

ಅವರು ಬರುವುದಕ್ಕೂ ಸೋಮವ್ವನ ಪೈಪು ಜೀವ ಬಂದ ಹಾವಿನಂತೆ ಹೊರಳುವುದಕ್ಕೂ ಸರಿಹೋಯಿತು. ಮೊದಲು ಹಳದಿ, ಆಮೇಲೆ ತಿಳಿ ನೀರು, ತೋಳು ದಪ್ಪ. ಸೋಮವ್ವ ಯಾರಿಗೂ ಏನೂ ಹೇಳದೆ ಪೈಪು ಹಿಡಿದು ಬ್ಯಾರಲ್ಲಿಗೆ ಹಾಕಿದಳು. ಕಣ್ಣು ಒರೆಸಿಕೊಂಡದ್ದು ಸೆರಗಿಗೆ ಮಾತ್ರ ಗೊತ್ತು.

* * *

ಬ್ಯಾರಲ್ ತುಂಬುವ ಸದ್ದಿನಲ್ಲೇ ದಾದಾಪೀರ ಲೆಕ್ಕ ಬಿಡಿಸಿ ಹೇಳಿದ.

ಮೂರು ಮನೆಗೆ ಮೂರು ರೋಗ ಬಂದಿತ್ತು. ಸೋಮವ್ವನ ನಳ ಅಂಗೈ ಕಚ್ಚಿತು. ಹೇಮಂತನ ದೀಪ ಆರಕ್ಕೆ ಮಂಕಾಯಿತು. ಮಾಸ್ತರರ ಗೀಜರ್ ಕೆಮ್ಮಿತು. ಬೇರೆ ಬೇರೆ ನೋಡಿದರೆ ಮೂರು ದುರಸ್ತಿ. ಸೇರಿಸಿ ನೋಡಿದರೆ ಒಂದೇ ಬೇರು. ದೊಡ್ಡ ಮೋಟರ್ ಚಾಲೂ ಆದಾಗ ಅದೇ ತಂತಿಯ ಮೇಲಿರುವ ಮನೆಯ ದೀಪ ಮಂಕಾಗುತ್ತದೆ. ಕಂಬದಿಂದ ಹೇಮಂತನ ಮನೆಗೂ ಮಾಸ್ತರರ ಮನೆಗೂ ಬಂದದ್ದು ಒಂದೇ ತಂತಿ. ಪೈಪಿನಲ್ಲಿ ಬರುವ ನೀರಿಗಿಂತ ಮೋಟರ್ ಎಳೆಯುವುದು ಹೆಚ್ಚಾದರೆ ಅದು ಗಾಳಿಯನ್ನೂ ಎಳೆಯುತ್ತದೆ, ಆ ಗಾಳಿ ಟಾಕಿಯಿಂದ ಇಳಿಯುವ ಪೈಪಿಗೂ ಹೋಗಿ ಗೀಜರಿನಲ್ಲಿ ಕೆಮ್ಮುತ್ತದೆ. ಸಂಪಿನ ನಿಂತ ನೀರನ್ನು ಎತ್ತಿದ್ದರೆ ಗೀಜರಿಗೆ ಈ ಕೆಮ್ಮು ಬರುತ್ತಿರಲಿಲ್ಲ.

ಮಾಸ್ತರರು ತಪ್ಪು ಒಪ್ಪಿಕೊಂಡರು. ಕದಿಯಬೇಕೆಂದು ಮಾಡಿದ್ದಲ್ಲ ಎಂದರು. ಸಂಪು ಪದೇ ಪದೇ ಬತ್ತುತ್ತಿತ್ತು. ತಮಗೆ ಬರುವ ನೀರೇ ಕಡಿಮೆ, ಪೈಪೇ ಮೋಸ ಎಂದು ನಂಬಿಬಿಟ್ಟರು. ವಿಜ್ಞಾನ ಓದಿದ ಕೈ, ಒಂದು ರವಿವಾರ ತಾವೇ ನಳದ ಪೈಪನ್ನು ಮೋಟರಿಗೆ ತಿರುಗಿಸಿದರು. ಟಾಕಿ ತುಂಬಿ ಮಿಕ್ಕಿದ್ದು ಸಂಪಿಗೆ ಬೀಳುತ್ತಿತ್ತು. ನನ್ನ ಪಾಲನ್ನಷ್ಟೇ ತೆಗೆದುಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದರಂತೆ, ಅದಕ್ಕೇ ಅರಿಷಿಣ ಕಂಡರೂ ಇವತ್ತು ಸ್ವಿಚ್ ಹಾಕಿದ್ದರಂತೆ.

“ನಿಮ್ಮ ಪಾಲಿಂದು ನಿಮಗ ಬಂದಽ ಇತ್ರಿ ಸರ್,” ಅಂದ ದಾದಾಪೀರ. “ಸಂಪು ಸೀಳೈತಿ. ನಿಮ್ಮ ಪಾಲಿನ ನೀರು ಪಾರಿಜಾತದ ಬೇರಿಗೆ ಹೋತು. ಅಕ್ಕನ ಪಾಲಿಂದು ನಿಮ್ಮ ಟಾಕಿಗೆ ಹೋತು.”

ಲಕ್ಕಪ್ಪ ಕಿಸೆಯಿಂದ ಪುಸ್ತಕ ತೆಗೆದ. ಕಾಯ್ದೆಯಂತೆ ಬರೆದು ಕೊಡಬೇಕು, ನಳ ಕತ್ತರಿಸಬೇಕು. ಎಲ್ಲರೂ ಸೋಮವ್ವನ ಮುಖ ನೋಡಿದರು. ನೀರು ಹೋದದ್ದು ಅವಳದು.

“ಪುಸ್ತಕ ಒಳಗ ಇಡು ಲಕ್ಕಪ್ಪ,” ಅಂದಳು ಸೋಮವ್ವ. “ನಳಾ ಕತ್ತರಿಸಿದ್ರ ಆ ಮುದುಕವ್ವ ಪೂಜಿಗೆ ನೀರು ಎಲ್ಲಿಂದ ತರ್ತಾಳ? ನಂದೂ ತುಂಬಲಿ, ಅವರದೂ ತುಂಬಲಿ.”

ಆಗ ಬಾಗಿಲಲ್ಲಿ ಕೋಲಿನ ಸದ್ದು. ಭಾಗೀರಥೀಬಾಯಿ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಮಗನ ಕಡೆ ನೋಡಲಿಲ್ಲ. ದಾದಾಪೀರನನ್ನು ಹತ್ತಿರ ಕರೆದರು.

“ಅರಿಷಿಣ ಇವತ್ತ ಹಾಕಿದಿ. ನಿನಗ ರವಿವಾರನ ಗೊತ್ತಾಗಿತ್ತು. ಹ್ಯಾಂಗ?”

ದಾದಾಪೀರನ ಕೈ ತಾನಾಗಿ ಕಿಸೆಯ ಮೇಲೆ ಹೋಯಿತು.

“ಕಿಸೆದಾಗಿನ ಕಾಗದ ಕೊಡು.”

ಬೇರೆ ದಾರಿ ಇರಲಿಲ್ಲ. ಕೊಟ್ಟ. ಅವರು ಬಿಚ್ಚಿ ನೋಡಿದರು. ಬೆಳ್ಳುಳ್ಳಿ ಸಿಪ್ಪೆ. ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆಯ ಗೀಜರಿನಲ್ಲಿ ಸಿಕ್ಕ ಸಿಪ್ಪೆ. ಅದು ಇಳಿಜಾರಿನ ತುದಿಯಲ್ಲಿರುವ ಖಾನಾವಳಿಯ ತೊಟ್ಟಿಯಿಂದ ಏರು ಹತ್ತಿ ಬರಬೇಕಾದರೆ ಮೋಟರ್ ಎಳೆದರೆ ಮಾತ್ರ ಸಾಧ್ಯ. ಇದನ್ನು ಅವನು ಅರ್ಧ ಮಾತಿನಲ್ಲೇ, ನೆಲ ನೋಡುತ್ತ ಹೇಳಿದ. ಅವ್ವನ ಮಡಿಗೆ ನೋವಾಗಬಾರದೆಂದು ಬಚ್ಚಿಟ್ಟಿದ್ದೆ, ಕ್ಷಮಿಸಬೇಕು ಎಂದ.

“ಇಂಥಾದೊಂದು ಹೋದ ವಾರ ನನ್ನ ತಂಬಿಗಿಯೊಳಗ ಸಿಕ್ಕಿತ್ತು,” ಅಂದರು ಬಾಯಿಯವರು. “ಇಂವಾ ಕದ್ದು ಖಾನಾವಳ್ಯಾಗ ಉಂಡು ಬರ್ತಾನ, ಅಂಗಿಗೆ ಹತ್ತಿ ಬಂದದ ಅಂತ ತಿಳಕೊಂಡೆ. ಮಗನ ಮಾನಾ ಹೋಗಬಾರದು ಅಂತ ಬಾಯಿ ಮುಚ್ಚಿಕೊಂಡು ಕೂತೆ.”

ಓಣಿ ನಗು ತಡೆದುಕೊಂಡು ನಿಂತಿತು. ಮಾಸ್ತರರು ಸೋಮವ್ವನನ್ನು ನೋಡಿದರು. ಸೋಮವ್ವ ಆಕಾಶ ನೋಡಿದಳು.

“ಗಿರಾಕಿ ಮಾತು ನಾ ಹೊರಗ ಹೇಳಾಂಗಿಲ್ರಿ ಅವ್ವಾ,” ಅಂದಳು.

ತಡೆದ ನಗು ಒಡೆದದ್ದು ಆಗ. ಮೊದಲು ನಕ್ಕವರು ಭಾಗೀರಥೀಬಾಯಿಯವರೇ. ನಕ್ಕು ಮುಗಿಸಿ ಅವರು ಗಂಭೀರವಾದರು. ಗಂಗೆಯನ್ನು ತುಳಿಯಬಾರದೆಂದು ಒಂಬತ್ತು ವರ್ಷ ಕಾದೆ, ಆ ಹಟಕ್ಕೆ ಮಗ ಬೇರೆಯವರ ಗಂಗೆಗೆ ಕೈ ಹಾಕಿದ, ಅರ್ಧ ಪಾಪ ನನ್ನದೂ ಹೌದು ಎಂದರು. ಇವತ್ತೇ ಸಂಪಿನ ಮುಚ್ಚಳ ತೆಗೆಯಲಿ, ದಾದಾಪೀರನೇ ಇಳಿಯಲಿ ಎಂದರು.

“ನಮಾಜಿಗೆ ನಿಲ್ಲೂ ಮುಂದ ಹೆಂಗ ತೊಳಕೋತೇವಿ, ಹಂಗ ತೊಳಕೊಂಡು ಇಳೀತೇನ್ರಿ ಅವ್ವಾರ,” ಅಂದ ದಾದಾಪೀರ.

ಸೋಮವ್ವನ ಬ್ಯಾರಲ್ಲಿನಿಂದಲೇ ಒಂದು ತಂಬಿಗೆ ನೀರು ತರಿಸಿಕೊಂಡು ಬಾಯಿಯವರು ತಾವೇ ಸುರಿದರು. ಅವನು ಕೈ, ಮುಖ, ಮೊಣಕೈ ತೊಳೆದು, ಒದ್ದೆ ಕೈಯನ್ನು ತಲೆಗೆ ಸವರಿ, ಕೊನೆಗೆ ಕಾಲು ತೊಳೆದ. ಸಂಪು ಖಾಲಿಯಾಗಿತ್ತು. ಬಿಸ್ಮಿಲ್ಲಾ ಎಂದು ಇಳಿದ. ಮೂಲೆಯಲ್ಲಿ ಪಾರಿಜಾತದ ಬೇರು ತೋಳುದ್ದ ಸೀಳು ಮಾಡಿಕೊಂಡು ಒಳಗೆ ಇಣುಕುತ್ತಿತ್ತು. ಗಿಡ ಕಡಿಯಬೇಡ, ಬೇರನ್ನು ಬೇರೆ ಕಡೆ ತಿರುಗಿಸು ಎಂದು ಮೇಲಿನಿಂದ ಬಾಯಿಯವರ ಅಪ್ಪಣೆಯಾಯಿತು. ಮಾಸ್ತರರು ತೋಳೇರಿಸಿ ಸಿಮೆಂಟು ಕಲಸಿದರು. ಗುದ್ದಲಿಯ ಆಳುಗಳು ಅವರಿಗೆ ಹದ ಹೇಳಿಕೊಟ್ಟರು.

ಲಕ್ಕಪ್ಪ ಅವತ್ತು ವಾಲ್ವ್ ಬಂದ್ ಮಾಡಿದ್ದು ಏಳೂವರೆಗೆ. ಯಾರೂ ಗಡಿಯಾರ ನೋಡಲಿಲ್ಲ.

ಮಧ್ಯಾಹ್ನ ಖಾನಾವಳಿಯಲ್ಲಿ ಹಂಚು ಒಲೆಯ ಮೇಲಿತ್ತು. ರೊಟ್ಟಿ ತಟ್ಟುವ ಸದ್ದು ಓಣಿಯ ಬಾಯಿಯವರೆಗೆ ಕೇಳುತ್ತಿತ್ತು. ಐರಣಿಯ ನಾಲ್ಕು ಜನ, ಹಮಾಲರು, ಮುಸ್ತಾಕ್, ದಾದಾಪೀರ ಸಾಲಾಗಿ ಕುಳಿತಿದ್ದರು. ಸಿಮೆಂಟು ಮೆತ್ತಿದ ಕೈ ತೊಳೆದುಕೊಂಡು ಪ್ರಭಾಕರ ಮಾಸ್ತರರು ಬಂದರು. ಹಿಂದಿನ ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟವರು, ನಿಂತು, ತಿರುಗಿ, ಮುಂಬಾಗಿಲಿನಿಂದಲೇ ಒಳಗೆ ಬಂದು ದಾದಾಪೀರನ ಪಕ್ಕ ಕುಳಿತರು.

ಸೋಮವ್ವ ಇಬ್ಬರ ತಟ್ಟೆಗೂ ಬಿಸಿ ರೊಟ್ಟಿ ಹಾಕಿದಳು. ತುಂಬಿ ತುಳುಕುವ ತಂಬಿಗೆಯನ್ನು ಇಬ್ಬರ ನಡುವೆ ಇಟ್ಟಳು.

“ಹೊಟ್ಟಿ ತುಂಬ ಕುಡೀರಿ,” ಅಂದಳು. “ಇವತ್ತ ನೀರು ಐತಿ.”